ಹತ್ತು ತೊಲಿ ರಾಕೆಟ್

ಮುಂಜಾನೆ ರೊಟ್ಟಿ ಬಡಿಯಾಕ ನಿಂತಾಗ ಬಲಗೈ ಮೊಣಕೈ ಹೊರಮಗ್ಗಲಿಗೆ ಚುಳ್ ಅಂದಿದ್ದು ಮಾರ್ಚ್ ತಿಂಗಳದಾಗ. ಮೊದಲು ಬೋರ್ಡ್ ಮ್ಯಾಲ ಬರ್ದು ಬರ್ದು ಆಗಿರಬೇಕು ಅನ್ಕೊಂಡೆ, ಹದಿನೇಳು ವರ್ಷ ಗಣಿತ ಕಲಿಸಿದ ಕೈ, ನೋವು ಬಂದ್ರ ಅದರ ತಪ್ಪೇನೂ ಇಲ್ಲ. ಆಮ್ಯಾಲ ನೀರಿನ ಕೊಡ ಎತ್ತಾಗ ಬಂತು, ಸ್ಕೂಟಿ ಆಕ್ಸಿಲರೇಟರ್ ತಿರುವಾಗ ಬಂತು, ಕಡೀಕ ಚಾ ಕಪ್ ಹಿಡಿದಾಗೂ ಬರಾಕ ಹತ್ತಿತು. ಡಾಕ್ಟರ್ ಹೆಬ್ಬಟ್ಟಿಲೆ ಮೊಣಕೈ ಎಲುಬಿನ ಮ್ಯಾಲ ಒಂದ ಕಡೆ ಒತ್ತಿದ್ರು, ನಾ ಕುರ್ಚಿ ಬಿಟ್ಟು ಎದ್ದೆ. "ಟೆನ್ನಿಸ್ ಎಲ್ಬೊ" ಅಂದ್ರು. ನಾ ಹುಟ್ಟಿದಾಗಿಂದ ಟೆನ್ನಿಸ್ ಕೋರ್ಟಿನ್ಯಾಗ ಕಾಲಿಟ್ಟಾಕಿ ಅಲ್ಲ. ಶಟಲ್ ಆಡ್ತೇನಿ ಅಂದೆ, ವಾರದಾಗ ಐದು ದಿನ, ಮುಂಜಾನೆ ಆರರಿಂದ ಏಳೂವರಿ, ಡಬಲ್ಸ್. ಅವ್ರು ಬರಕೋತ ಬರಕೋತ ತಲಿ ಎತ್ತದ ಕೇಳಿದ್ರು, "ಇತ್ತೀಚಿಗೆ ರಾಕೆಟ್ ಏನರ ಬದಲಿ ಮಾಡೀರೇನು?"

ಮಾಡಿದ್ದೆ. ಆದ್ರ ಹೆಂಗ ಮಾಡಿದೆ ಅನ್ನೋದು ಡಾಕ್ಟರ್ ಮುಂದ ಹೇಳೋವಂಥ ಮಾತಲ್ಲ, ಅದಕ್ಕ ಹೂಂ ಅಂದು ಸುಮ್ನ ಕುಂತೆ. ಅವತ್ತಿಂದ ಅದು ತಲ್ಯಾಗ ಕೊರಿಯಾಕ ಹತ್ತೇತಿ.

ಗುಲಾಬಿ ಬಣ್ಣದ್ದು

ಹಳೇ ರಾಕೆಟ್ ನನ್ನ ತಮ್ಮ ಬಿಟ್ಟು ಹೋಗಿದ್ದು. ಆರು ವರ್ಷ ಅದರಾಗ ಆಡಿದ್ದೆ, ಅದರ ತೂಕ ಎಷ್ಟು, ಹಿಡಿಕಿ ಎಷ್ಟು ದಪ್ಪ ಅಂತ ಒಂದಿನಾನೂ ನೋಡಿರಲಿಲ್ಲ, ಮನಿ ಬಾಗಲದ ಅಳತಿ ಯಾರರ ನೋಡ್ತಾರೇನು, ದಿನಾ ಒಳಗ ಹೊರಗ ಅಡ್ಡಾಡ್ತೀವಿ ಅಷ್ಟ. ಡಿಸೆಂಬರ್‌ದಾಗ ಒಂದಿನ ನಡುವ ಬಂದ ಶಟಲ್‌ಗೆ ನಾನೂ ಬೀಸಿದೆ, ನನ್ನ ಪಾರ್ಟ್ನರೂ ಬೀಸಿದ್ರು, ಎರಡೂ ರಾಕೆಟ್ ಬಡಕೊಂಡು ನಂದು ಸೀಳಿತು. ಸಂಜಿಗೆ ಅಂಗಡಿಗೆ ಹೋದೆ.

ಅಂಗಡಿಯವ್ರು ನನಗ ಏನೂ ಕೇಳಲಿಲ್ಲ. ಸಿಂಗಲ್ಸ್ ಆಡ್ತೀರೋ ಡಬಲ್ಸೋ, ಮುಂದ ನಿಲ್ತೀರೋ ಹಿಂದ, ಪ್ಲಾಸ್ಟಿಕ್ ಶಟಲ್‌ದಾಗ ಆಡ್ತೀರೋ ಪುಕ್ಕದ್ದರಾಗ, ಎಷ್ಟು ವರ್ಷ ಆತು, ಒಂದೂ ಇಲ್ಲ. ನನ್ನ ಸೀರಿ ನೋಡಿದ್ರು, ಹಿಂದ ತಿರುಗಿದ್ರು, ಒಂದು ಗುಲಾಬಿ ಬಣ್ಣದ ರಾಕೆಟ್ ತಗದು ಗಾಜಿನ ಮ್ಯಾಲ ಇಟ್ರು. "ಮೇಡಂ, ಲೇಡೀಸ್‌ಗೆ ಇದ ಬೆಸ್ಟ್ ನೋಡ್ರಿ, ಹಗುರ ಐತಿ, ಕಲರ್‌ನೂ ಚಲೋ ಐತಿ." ನನ್ನ ಬಾಜೂಕ ಒಬ್ಬ ಹುಡುಗ ನಿಂತಿದ್ದ, ಹತ್ತೊಂಬತ್ತು ಇಪ್ಪತ್ತು ಇರಬೇಕು, ಜ್ವಾಳದ ದಂಟಿನಂಗ ಇದ್ದ, ಅವನ ರಟ್ಟಿ ನನ್ನ ರಟ್ಟಿಕಿಂತ ಸಣ್ಣ. ಅವಂಗ ಮಾತ್ರ ಭಾಳ ಮರ್ಯಾದಿಲೆ "ನೀವು ಅಟ್ಯಾಕ್ ಆಡ್ತೀರೇನ್ರಿ, ಸ್ಮ್ಯಾಶ್ ಇಷ್ಟಾನ?" ಅಂತ ಕೇಳಿ ಕರಿ ಬಣ್ಣದ್ದೊಂದು ತೋರಿಸಾಕತ್ತಿದ್ರು, ಅವನೂ ಮೊಬೈಲಿನ್ಯಾಗ ಶಟಲ್ ಆಟಗಾರ ಸಾತ್ವಿಕ್‌ಸಾಯಿರಾಜ್ 2023ರಾಗ 565 ಕಿಲೋಮೀಟರ್ ವೇಗದಾಗ ಹೊಡೆದ ಸ್ಮ್ಯಾಶ್ ತೋರಿಸಿ ಇಂಥಾದ್ದ ಬೇಕು ಅನ್ನಾಕತ್ತಿದ್ದ. (ಆ ಹೊಡ್ತ ರಾಕೆಟ್ಟಿನ್ಯಾಗ ಇರ್ತೈತಿ ಅಂತ ನಂಬೋ ವಯಸ್ಸು ಅದು. ನನಗ ನಲವತ್ತೆರಡು, ನನಗೇನು ಧಾಡಿ ಆಗಿತ್ತು?)

ನನಗ ಸಿಟ್ಟು ಬಂತು. ಸಣ್ಣಾಕಿ ಇದ್ದಾಗಿಂದ "ಹುಡುಗ್ಯಾರಿಗೆ ಇದು ಸಾಕು" ಅನ್ನೋದು ಕೇಳಿ ಕೇಳಿ ಕಿವಿ ದಡ್ಡಗಟ್ಟೇತಿ, ಆದರೂ ಒಮ್ಮೊಮ್ಮೆ ಒಳಗ ಹೋಗಿ ಚುಚ್ತೈತಿ. "ನನಗೂ ಆ ಕರೀದ ಕೊಡ್ರಿ" ಅಂದೆ. "ಮೇಡಂ ಅದು ಭಾರ ಆಗ್ತೈತ್ರಿ." "ಆಗ್ಲಿ." "ಶಾಫ್ಟ್, ಅಂದ್ರ ನಡುವಿನ ಕೋಲು, ಭಾಳ ಬಿರುಸು ಐತ್ರಿ." "ಇರ್ಲಿ." ತಂತಿ ಎಷ್ಟಕ್ಕ ಎಳೀಲಿ ಅಂದ್ರು, ಹುಡುಗ 28 ಪೌಂಡ್ ಅಂದಿದ್ದ, ನಾನೂ 28 ಅಂದೆ. 28 ಪೌಂಡ್ ಅಂದ್ರ ಹೆಚ್ಚುಕಡಿಮಿ ಹನ್ನೆರಡೂಮುಕ್ಕಾಲು ಕಿಲೋ ಜಗ್ಗು, ನನ್ನಂಥಾರು 22, 23ಕ್ಕ ಎಳಿಸ್ಕೊಂಡು ಸುಖವಾಗಿ ಇರ್ತಾರ. ಬಿಗಿ ತಂತಿ ಶಟಲ್‌ನ ತಾನಾಗಿ ಪುಟಿಸೋದಿಲ್ಲ, ಪುಟಿಸೋ ಕೆಲಸ ನಿಮ್ಮ ಕೈಗೇ ಬಿಡ್ತೈತಿ, ಮತ್ತ ನಟ್ಟನಡುವ ಬಡೀಲಿಲ್ಲ ಅಂದ್ರ ಆ ಪೆಟ್ಟೆಲ್ಲಾ ಹಿಡಿಕಿ ಗುಂಟ ಕೈಗೆ ಇಳೀತೈತಿ. ಇದೆಲ್ಲಾ ಆಮ್ಯಾಲ ತಿಳಕೊಂಡಿದ್ದು. ಅವತ್ತ ಐದು ಸಾವಿರದ ಇನ್ನೂರು ಕೊಟ್ಟು ಗೆದ್ದಾಕಿ ಹಂಗ ಮನಿಗೆ ಬಂದೆ.

ಟೇಪಿಗೆ ಸಿಗದ ಅಳತಿ

ನೋವು ಸುರು ಆದ ಮ್ಯಾಲ ಕೈಗೆ ಬೆಲ್ಟ್ ಕಟಗೊಂಡು ಮನ್ಯಾಗ ಕುಂತೆ, ಕುಂತಾಕಿ ಸುಮ್ನ ಕುಂದ್ರಬೇಕಲ್ಲ, ಹೊಲಿಗಿ ಟೇಪ್ ತಗೊಂಡು ರಾಕೆಟ್ ಅಳಿಯಾಕ ಹತ್ತಿದೆ. ಬ್ಯಾಡ್ಮಿಂಟನ್ ನಿಯಮದಾಗ ರಾಕೆಟ್ ಉದ್ದ 680 ಮಿಲಿಮೀಟರ್ ದಾಟಬಾರದು, ಅಗಲ 230 ದಾಟಬಾರದು, ತಂತಿ ಹೆಣೆದ ಜಾಗ 280 ಉದ್ದ 220 ಅಗಲದ ಒಳಗ ಇರಬೇಕು. ಹೊಸಾದು ಅಳದೆ, 675. ಸೀಳಿದ ಹಳೇದು ಅಳದೆ, ಅದೂ 675. ಪಕ್ಕದ ಮನಿ ಹುಡುಗಂದು ತರಿಸಿ ಅಳದೆ, ಅದೂ ಅಷ್ಟ. ಅಂಗಡಿ ಗ್ವಾಡಿಗೆ ತೂಗು ಬಿಟ್ಟ ಐವತ್ತು ರಾಕೆಟ್, ಸಾವಿರದ್ದೂ ಹದಿನೈದು ಸಾವಿರದ್ದೂ, ಟೇಪಿಗೆ ಹೆಚ್ಚುಕಡಿಮಿ ಎಲ್ಲಾ ಒಂದ. ತಲಿ ಆಕಾರನೂ ಈಗ ಬಹಳ ಮಟ್ಟಿಗೆ ಒಂದ ಥರ, ನಾವು ಸಣ್ಣವರಿದ್ದಾಗ ಮೊಟ್ಟಿ ಹಂಗ ಇರ್ತಿತ್ತು, 1992ರಾಗ ಯೋನೆಕ್ಸ್‌ನವ್ರು ಮ್ಯಾಲಿನ ಕಡೆ ಚೌಕ ಮಾಡಿ ಐಸೊಮೆಟ್ರಿಕ್ ಅಂತ ತಂದ್ರು, ನಡುವಿನ ತಂತಿಗೋಳು ಉದ್ದ ಆಗಿ ಚಲೋ ಬಡಿಯೋ ಜಾಗ ಅಗಲ ಆತು, ಆಮ್ಯಾಲ ಎಲ್ಲಾರೂ ಅದನ್ನ ಹಿಡದ್ರು.

ನಿಯಮ ತೂಕದ ಬಗ್ಗೆ ಚಕಾರ ಎತ್ತೂದಿಲ್ಲ. ತೂಕ ಎಲ್ಲಿ ಕುಂದ್ರಬೇಕು, ಶಾಫ್ಟ್ ಎಷ್ಟು ಬಗ್ಗಬೇಕು, ಹಿಡಿಕಿ ಎಷ್ಟು ದಪ್ಪ ಇರಬೇಕು, ಅದೂ ಇಲ್ಲ. ಅಂದ್ರ ಕೈಗೆ ಹತ್ತೋದು ಯಾವುದೋ ಅದೆಲ್ಲಾ ನಿಯಮದ ಹೊರಗ ಐತಿ, ಅದನ್ನ ಕಂಪನಿಯವ್ರು ಹಿಡಿಕಿ ಮ್ಯಾಲಿನ ಕೋನ್ ಮ್ಯಾಲ ಇರುವಿ ಅಕ್ಷರದಾಗ ಬರೀತಾರ. ನಂದರ ಮ್ಯಾಲ 3ಯು, ಜಿ4 ಅಂತಿತ್ತು. ಗಣಿತದಾಕಿ ನಾನು, ಸಂಖ್ಯಾ ಏರಿದಂಗ ವಸ್ತು ಏರಬೇಕು ಅನ್ನೋ ನಂಬಿಗಿ ಮ್ಯಾಲ ಜೀವನ ಮಾಡ್ಯೇನಿ. ಇಲ್ಲಿ ಎಲ್ಲಾ ಉಲ್ಟಾ. 3ಯು ಅಂದ್ರ 85ರಿಂದ 89 ಗ್ರಾಂ, 4ಯು ಅಂದ್ರ 80ರಿಂದ 84, 5ಯು ಅಂದ್ರ 75ರಿಂದ 79. ಅಂಕಿ ದೊಡ್ಡದು ಆದಂಗ ರಾಕೆಟ್ ಹಗುರ. ಹಿಡಿಕಿನೂ ಹಂಗ, ಜಿ5 ಅನ್ನೋದು ಜಿ4ಕಿಂತ ಸಣ್ಣದು. ಇದು ಯೋನೆಕ್ಸ್ ಲೆಕ್ಕ, ಬ್ಯಾರೆ ಕಂಪನಿಯವ್ರ ಹಿಡಿಕಿ ಲೆಕ್ಕ ಬ್ಯಾರೆ ಇರ್ತೈತಿ, ಅದಕ್ಕ ಅಕ್ಷರ ನಂಬೋಕಿಂತ ಹಿಡದು ನೋಡೋದು ಚಲೋ.

ಈ ಐದು ಗ್ರಾಂ ಐದು ಗ್ರಾಂ ಹೆಚ್ಚುಕಡಿಮಿ ನೋಡಿ ನನಗ ನಗು ಬಂತು. ಐದು ಗ್ರಾಂ ಅಂದ್ರ ಒಂದು ಚಮಚಾ ಸಕ್ಕರಿ. ಅದಕ್ಕ ಮೊಣಕೈ ನೋಯ್ತೈತೇನು?

ಪತ್ತಾರ ಕಾಕಾನ ತಕ್ಕಡಿ

ಅಡಗಿಮನಿ ತಕ್ಕಡಿ ಗ್ರಾಂ ಲೆಕ್ಕದಾಗ ನಂಬಂಗಿಲ್ಲ, ಅದಕ್ಕ ನಮ್ಮ ಓಣಿ ಪತ್ತಾರ ಕಾಕಾನ ಅಂಗಡಿಗೆ ರಾಕೆಟ್ ತಗೊಂಡು ಹೋದೆ. ಮದುವಿ ಸೀಜನ್ ಮುಗದಿತ್ತು, ಕಾಕಾ ಒಬ್ರ ಕುಂತು ಒಂದು ಕಾಲುಂಗುರ ತಿಕ್ಕಾಕತ್ತಿದ್ರು. ಬಂಗಾರ ತೂಗೋ ಗಾಜಿನ ಪೆಟಗಿ ತಕ್ಕಡಿ ಒಳಗ ರಾಕೆಟ್ ಹೋಗಲಿಲ್ಲ, ಬೆಳ್ಳಿ ಸಾಮಾನು ತೂಗೋ ದೊಡ್ಡದು ಹೊರಗ ತಗದ್ರು, ಅದರ ಮ್ಯಾಲ ಒಂದು ಬಟ್ಟಲಾ ಇಟ್ಟು ಸೊನ್ನಿ ಮಾಡಿ ಬಟ್ಟಲದ ಮ್ಯಾಲ ರಾಕೆಟ್ ಅಡ್ಡ ಇಟ್ರು. 102.3.

ಕಾಕಾ ಕನ್ನಡಕದ ಮ್ಯಾಲಿಂದ ನನ್ನ ನೋಡಿದ್ರು. "ಅಕ್ಕೋರ, ಹತ್ತು ತೊಲಿ ಮ್ಯಾಲ ಐತ್ರಿ ಇದು. ಹತ್ತು ತೊಲಿ ಹಿಡಕೊಂಡು ದಿನಾ ಗಾಳ್ಯಾಗ ಬೀಸ್ತೀರಿ?" (ಪತ್ತಾರ ಲೆಕ್ಕದಾಗ ಒಂದು ತೊಲಿ ಅಂದ್ರ ಹತ್ತು ಗ್ರಾಂ.)

3ಯು ಅಂತ ಬರದೈತಿ ಕಾಕಾ, 89 ದಾಟಬಾರದು, ಅಂದೆ. ಆಮ್ಯಾಲ ನೆನಪಾತು, ಆ ಲೆಕ್ಕ ತಂತಿ ಹಾಕದ ಖಾಲಿ ರಾಕೆಟ್ಟಿಂದು. ತಂತಿ ಬಂತು, ಮತ್ತ ನಾ ಎರಡು ಓವರ್‌ಗ್ರಿಪ್ ಸುತ್ತಿದ್ದೆ. ಯಾಕ ಸುತ್ತಿದ್ದೆ ಅಂದ್ರ ಅದೂ ಒಂದು ಕತಿ: ಹೊಸಾದು ತಗೊಂಡ ವಾರದಾಗ ರಾಕೆಟ್ಟಿನ ತಲಿ ಭಾರ ಅನಿಸ್ತೈತಿ ಅಂದಿದ್ದೆ, ಕೋರ್ಟಿನ್ಯಾಗ ಒಬ್ರು ಹಿಡಿಕಿಗೆ ಒಂದೆರಡು ಗ್ರಿಪ್ ಸುತ್ತ್ರಿ ಮೇಡಂ ಬ್ಯಾಲೆನ್ಸ್ ಹಿಂದ ಬರ್ತೈತಿ ಅಂದ್ರು, ಸುತ್ತಿದೆ. ಅವರಂದಿದ್ದು ಸುಳ್ಳಲ್ಲ. ಅಲ್ಲೇ ಕಾಕಾನ ಅಂಗಡ್ಯಾಗ ಬಳ್ಳಿನ ಮ್ಯಾಲ ರಾಕೆಟ್ ಅಡ್ಡ ಇಟ್ಟು, ಅದು ಯಾವ ಕಡೀನೂ ವಾಲದ ನಿಂತ ಜಾಗಕ್ಕ ಪೆನ್ನಿಲೆ ಗುರ್ತು ಮಾಡಿ, ಹಿಡಿಕಿ ತುದಿಯಿಂದ ಟೇಪ್ ಹಿಡದೆ: 284 ಮಿಲಿಮೀಟರ್. 285ರಿಂದ 295ರ ಆಸುಪಾಸು ಇದ್ರ ಸಮತೂಕ, ಅದರ ಮ್ಯಾಲ ಹೋದ್ರ ತಲಿ ಭಾರ ಅಂತ ಲೆಕ್ಕ. ಅಂದ್ರ ಬಳ್ಳಿನ ಪ್ರಕಾರ ನಂದು ತಲಿ ಭಾರದ ರಾಕೆಟ್ಟೇ ಅಲ್ಲ! ಹಂಗಾದ್ರ ಮೊಣಕೈ ಸುಳ್ಳು ಹೇಳಾಕತ್ತೇತೇನು?

ಎರಡೂ ಓವರ್‌ಗ್ರಿಪ್ ಬಿಚ್ಚಿದೆ. ತೂಕ 92ಕ್ಕ ಇಳೀತು, ಬಳ್ಳು 305ಕ್ಕ ಹೋತು. ಹತ್ತು ಗ್ರಾಂ ಹಿಡಿಕಿಗೆ ಸುತ್ತಿದ್ರ ಬ್ಯಾಲೆನ್ಸ್ ಬಿಂದು ಎರಡು ಸೆಂಟಿಮೀಟರ್ ಹಿಂದ ಬರ್ತೈತಿ, ಲೆಕ್ಕ ಸರಿ ಐತಿ. ಆದ್ರ ತಲ್ಯಾಗಿನ ತೂಕ ಒಂದು ಗ್ರಾಮೂ ಕಡಿಮಿ ಆಗಿಲ್ಲ. ನಾವು ರಾಕೆಟ್ ತಿರುವೋದು ಹಿಡಿಕಿ ಹಿಡದ ಜಾಗದಿಂದ, ಆ ಜಾಗದಾಗ ಎಷ್ಟ ತೂಕ ಹೇರಿದ್ರೂ ಬೀಸುವಾಗ ಅದು ಇದ್ದೂ ಇಲ್ಲದಂಗ. ಅರ್ಧ ಮೀಟರ್ ದೂರ ಇರೋ ತಲಿ ಮಾತ್ರ ಮೊದಲಿನಷ್ಟ ಜಗ್ಗತೈತಿ. ನಾ ಇದನ್ನ ಸನ್ನಿಕೋಲು, ತಿರುಗು ಬಲ ಅಂತ ಎಂಟನೇತ್ತೆ ಮಕ್ಕಳಿಗೆ ಉದಾಹರಣೆ ಕೊಟ್ಟು ಕೊಟ್ಟು ಕಲಿಸ್ಯೇನಿ. ಬೋರ್ಡ್ ಮ್ಯಾಲ ಬಂದಿದ್ದು ಕೈಗೆ ಬಂದಿರಲಿಲ್ಲ.

ಕಾಕಾಗ ತಿರುಗು ಬಲ ಬ್ಯಾಡ. ನಾ ಹೇಳಿದ್ದೆಲ್ಲಾ ಕೇಳಿ ಅವ್ರು ಅಂದಿದ್ದಿಷ್ಟ: "ನೀವು ಈ ಕಡೆ ಬಟ್ಟ ಹಾಕಿ ತಕ್ಕಡಿ ಸರಿ ಮಾಡ್ಕೊಂಡ್ರಿ. ಆ ಕಡೆ ಬಂಗಾರ ಅಷ್ಟ ಐತಲ್ರಿ." ಆಮ್ಯಾಲ ಡಬ್ಬಿ ತಗದು ಒಂದು ಜೋಡಿ ಝುಮಕಿ ತೋರಿಸಿದ್ರು. ಇದು ಒಂದೂವರಿ ತೊಲಿ, ಕಿವಿಗೆ ಹಾಕ್ಕೊಂಡ್ರ ಸಂಜಿ ಮಟಾ ತಡಿಯಾಂಗಿಲ್ಲ, ಅದ ಒಂದೂವರಿ ತೊಲಿ ಬಳಿ ಮಾಡಿ ಕೈಗೆ ಹಾಕ್ಕೊಂಡ್ರ ಗೊತ್ತ ಆಗೂದಿಲ್ಲ, ತೂಕ ಎಷ್ಟು ಅನ್ನೂದಕಿಂತ ಎಲ್ಲಿ ಜೋತಾಡ್ತೈತಿ ನೋಡ್ರಿ ಅಂದ್ರು. ಮತ್ತ ಆ ಐದು ಗ್ರಾಂ ಬಗ್ಗೆ ನಾ ನಕ್ಕಿದ್ದು ಹೇಳಿದೆ. ಕಾಕಾ ನಗಲಿಲ್ಲ. "ಅರ್ಧ ತೊಲಿ ಅಕ್ಕೋರ. ಅರ್ಧ ತೊಲಿಗೆ ಮದುವಿ ಮುರದಾವ."

ಹಿಡಿಕಿ

ಓವರ್‌ಗ್ರಿಪ್ ಬಿಚ್ಚಿ ಮನಿಗೆ ಬಂದೆ, ಆದ್ರ ಅದಕ್ಕಿಂತ ದೊಡ್ಡ ತಪ್ಪು ಅವತ್ತ ರಾತ್ರಿ ಹೊಳೀತು. ಭಾರ ಕಡಿಮಿ ಮಾಡಾಕ ಹೋಗಿ ನಾ ಹಿಡಿಕಿ ದಪ್ಪ ಮಾಡಿದ್ದೆ. ಜಿ4 ಮೊದಲ ನನ್ನ ಕೈಗೆ ತುಂಬಿ ಬರ್ತಿತ್ತು, ಅದರ ಮ್ಯಾಲ ಎರಡು ಸುತ್ತು. ಶಟಲ್ ಆಟದಾಗ ಹಿಡಿಕಿ ಸಡಿಲ ಹಿಡೀಬೇಕು, ಬಡಿಯೋ ಕ್ಷಣಕ್ಕಷ್ಟ ಬಳ್ಳಿಲೆ ಒತ್ತಬೇಕು, ಜೋರು ಬರೋದು ಮುಂಗೈ ಹೊರಳೂದರಿಂದ. ಹಿಡಿಕಿ ದಪ್ಪ ಆದ್ರ ಬಳ್ಳು ಸುತ್ತಿ ಬರೂದಿಲ್ಲ, ಒತ್ತಾಕ ಜಾಗ ಇರೂದಿಲ್ಲ, ಆಗ ಇಡೀ ಹಸ್ತದಿಂದ ಹಿಡೀತೀವಿ, ಹಿಡದಿದ್ದು ಬಿಡೂದ ಇಲ್ಲ, ಮುಂಗೈ ಸ್ನಾಯು ಒಂದೂವರಿ ತಾಸು ಸೆಟಗೊಂಡ ಇರ್ತಾವ, ಅವೆಲ್ಲಾ ಹೋಗಿ ಕೂಡೂದು ಮೊಣಕೈ ಹೊರಮಗ್ಗಲಿಗೆ. ಅದ ಡಾಕ್ಟರ್ ಒತ್ತಿದ ಜಾಗ. (ತೀರ ಸಣ್ಣ ಹಿಡಿಕಿನೂ ಇದನ್ನ ಮಾಡ್ತೈತಿ, ಜಾರೀತು ಅಂತ ಬಿಗಿ ಹಿಡೀತೀವಿ.) ಅವ್ವ ನನಗ ರೊಟ್ಟಿ ಕಲಿಸುವಾಗ ದಿನಾ ಬೈತಿದ್ದಳು, ಕೈ ಸಡಿಲ ಬಿಡು, ಸೆಟಗೊಂಡು ಬಡದ್ರ ರೊಟ್ಟಿ ಹರೀತೈತಿ ಅಂತ. ಅಕಿಗೆ ಗೊತ್ತಿದ್ದ ಮಾತು ನಾ ಯೂಟ್ಯೂಬಿನ್ಯಾಗ ಹುಡುಕಿ ತಿಳಕೊಂಡೆ.

ಆಗ ಇಂಡಿ ಕಡೆ ನಮ್ಮ ಮಾಮಾ ನೆನಪಾದ್ರು. ಬ್ಯಾಸಿಗಿ ಸೂಟಿಗೆ ಅವರ ಊರಿಗೆ ಹೋಗ್ತಿದ್ವಿ, ಸಂಜಿ ಮುಂದ ಸಾಲಿ ಬಯಲಿನ್ಯಾಗ ದೊಡ್ಡವ್ರು ಬಾಲ್ ಬ್ಯಾಡ್ಮಿಂಟನ್ ಆಡ್ತಿದ್ರು, ಹಳದಿ ಉಲ್ಲನ್ ಚೆಂಡು, ಒಂದೊಂದು ಕಡೆ ಐದು ಮಂದಿ, ಕಟಗಿ ರಾಕೆಟ್. ಆ ರಾಕೆಟ್ ಈಗಿನ ಶಟಲ್ ರಾಕೆಟ್ಟಿನ ಎರಡರಷ್ಟು ಭಾರ. ಹುಡುಗ್ಯಾರಿಗೆ ಅಲ್ಲಿ ಒಂದ ಕೆಲಸ, ಜಾಲಿಕಂಟ್ಯಾಗ ಹೋದ ಚೆಂಡು ತಂದು ಕೊಡೂದು. ನಾ ದಿನಾ ತಂದು ಕೊಟ್ಟೆ, ದಿನಾ ಕೈ ಗೀರಿಸ್ಕೊಂಡೆ, ಒಂದು ಸಂಜಿ ಎಲ್ಲಾರೂ ಹೋದ ಮ್ಯಾಲ ಮಾಮಾ ರಾಕೆಟ್ ನನ್ನ ಕೈಗೆ ಕೊಟ್ರು. ಹಿಡಿಯಾಕ ಬರವಲ್ದು. ಹೆಬ್ಬಟ್ಟು ಒಂದ ಕಡೆ, ಬಳ್ಳು ಒಂದ ಕಡೆ, ನಡುವ ಎರಡು ಇಂಚು ಖಾಲಿ. ಎರಡು ಕೈಲೆ ಹಿಡದು ಬೀಸಿದೆ, ಚೆಂಡು ನನ್ನ ಕಾಲ ಮ್ಯಾಲ ಬಿತ್ತು. ಮಾಮಾ ನಗಲಿಲ್ಲ, ನಿನಗ ಆಗೂದಿಲ್ಲ ಬಿಡು ಅಂತನೂ ಅನಲಿಲ್ಲ. ನನ್ನ ಕೈ ತಮ್ಮ ಕೈಯಾಗ ತಗೊಂಡು, ಬಳ್ಳು ಅಗಲ ಮಾಡಿ, ಹೆಬ್ಬಟ್ಟಿನ ಬುಡದಿಂದ ನಡುಬಳ್ಳಿನ ತುದಿ ಮಟಾ ತಮ್ಮ ಗೇಣಿಗೆ ಹಿಡದು ನೋಡಿದ್ರು.

ಮರುದಿನ ಮಧ್ಯಾಹ್ನ ಎಲ್ಲಾರೂ ಮಲಗಿದಾಗ ಕಟ್ಟಿ ಮ್ಯಾಲ ಕುಂತು, ಹಳೇದೊಂದು ರಾಕೆಟ್ ತೊಡಿ ನಡುವ ಹಿಡದು, ಒಡದ ಬಾಟ್ಲಿ ಗಾಜಿನ ಚೂರಿಲೆ ಹಿಡಿಕಿ ಕೆರದ್ರು. ಕಟಗಿ ಸಿಂಬಿ ಸಿಂಬಿಯಾಗಿ ಎದ್ದು ಬೀಳ್ತಿತ್ತು, ಧೋತರದ ತುಂಬ ಪುಡಿ. ನಾಕು ಸಲ ಕೆರದು ನಾಕು ಸಲ ನನ್ನ ಕೈಯಾಗ ಕೊಟ್ಟು "ಈಗ?" ಅಂತ ಕೇಳಿದ್ರು, ನಾಕನೇ ಸಲ ನಾ ಹೂಂ ಅಂದೆ, ಅದರ ಮ್ಯಾಲ ಅತ್ತಿ ಹಳೇ ಪತ್ತಲದ ಅರಿಬಿ ಸುತ್ತಿ ಕಟ್ಟಿದ್ರು. ಆ ರಾಕೆಟ್ ತೂಕದಾಗ ಹೇಳೂವಂಥಾ ಕಡಿಮಿ ಏನೂ ಆಗಿರಲಿಲ್ಲ. ಆದ್ರ ನಾ ಆ ಸೂಟಿ ಪೂರಾ ಅದರಾಗ ಆಡಿದೆ, ಒಂದ ಕೈಲೆ.

ಮಾಮಾ ಸುಮ್ನ ನನ್ನ ಕೈ ನೋಡಿದ್ರು. ಅಂಗಡಿಯವ್ರು ನೋಡಿದ್ದು ಸೀರಿ. ಆದ್ರ ಬರೀ ಅವರ ಮ್ಯಾಲ ಹಾಕಿದ್ರ ಅನ್ಯಾಯ ಆಗ್ತೈತಿ, ಅವತ್ತ ನಾ ಏನು ನೋಡಿದೆ? ಪಕ್ಕದ ಹುಡುಗ ಏನು ತಗೊಂಡ ಅದನ್ನ ನೋಡಿದೆ.

ಸೀಟಿನ ಎತ್ತರ

ನಮ್ಮ ಸಾಲಿ ಪಿ.ಟಿ. ಸರ್ ಮೊದಲು ಸೈಕ್ಲಿಸ್ಟ್. ವಿಜಯಪುರದಾಗ ಸೈಕಲ್ ರೇಸಿನವ್ರು ಪ್ರತಿ ಓಣಿಗೊಬ್ರು ಸಿಗ್ತಾರ, ಅದರಾಗ ವಿಶೇಷ ಇಲ್ಲ. ಸ್ಟಾಫ್ ರೂಮಿನ್ಯಾಗ ನನ್ನ ಬೆಲ್ಟ್ ನೋಡಿ ಕತಿ ಕೇಳಿದ್ರು, ಕೇಳಿ ಅವರಿಗೆ ನಂಬಾಕ ಆಗಲಿಲ್ಲ. "ಅಲ್ರಿ ಮೇಡಂ, ನಾವು ಹೊಸಾ ಹುಡುಗಂಗ ಸೈಕಲ್ ಕೊಟ್ರ ಮೊದಲು ಅವನ ಕಾಲು ಅಳೀತೀವಿ. ಸೀಟು ಒಂದು ಸೆಂಟಿಮೀಟರ್ ಕೆಳಗ ಇದ್ರ ಮೊಣಕಾಲು ಹೋಗ್ತೈತಿ. ನೀವು ಶಟಲ್‌ನವ್ರು ಕೈ ಅಳೀದ ಹೆಂಗ ರಾಕೆಟ್ ತಗೋತೀರಿ?" ನನ್ನ ಹತ್ರ ಉತ್ತರ ಇರಲಿಲ್ಲ. ಮಲಿಕ್-ಎ-ಮೈದಾನ್ ತೋಪು ನೋಡಿ ಬೆಳದ ಊರು ನಮ್ದು, 55 ಟನ್, ಭಾರ ಇದ್ರ ಜೋರು ಅಂತ ತಲ್ಯಾಗ ಕುಂತಿರಬೇಕು ಅಂತ ಚಾಷ್ಟಿ ಮಾಡಿ ಜಾರಿಕೊಂಡೆ.

ಏಪ್ರಿಲ್ ಪೂರಾ ಆಡಲಿಲ್ಲ. ಮೇ ಕಡೀಕ ಮತ್ತ ಅದ ಅಂಗಡಿಗೆ ಹೋದೆ, ಈ ಸಲ ಚೀಟಿ ಬರಕೊಂಡು: 4ಯು, ಜಿ5, ಬ್ಯಾಲೆನ್ಸ್ ನಡುವಿಂದು, ಶಾಫ್ಟ್ ಸ್ವಲ್ಪ ಬಗ್ಗೂವಂಥಾದ್ದು, ತಂತಿ 0.70 ಮಿಲಿಮೀಟರ್ ದಪ್ಪಂದು, 23 ಪೌಂಡ್. ಶಾಫ್ಟ್ ಯಾಕ ಬಗ್ಗಬೇಕಂದ್ರ ನನ್ನ ಕೈ ವೇಗ ಕಡಿಮಿ, ಬಿರುಸು ಶಾಫ್ಟ್ ಜೋರು ಬೀಸೋ ಕೈಗಷ್ಟ ಬಗ್ಗತೈತಿ, ನನ್ನಂಥಾಕಿ ಕೈಯಾಗ ಅದು ಬರೀ ಬಡಿಗಿ. 4ಯು ಯಾಕಂದ್ರ ನಾ ಡಬಲ್ಸಿನ್ಯಾಗ ಮುಂದ ನಿಲ್ಲಾಕಿ, ಅಲ್ಲಿ ರಾಕೆಟ್ ಲಗೂನ ಮ್ಯಾಲ ಬರಬೇಕು. ಆದ್ರ ಗುಲಾಬಿದು 5ಯು ಇತ್ತು, ಅದನ್ನೂ ಹಿಡದು ಬೀಸಿ ನೋಡಿದೆ, ಡಿಫೆನ್ಸಿಗೆ ಕೈ ಹಂಗ ತೇಲಿ ಬರ್ತೈತಿ, ಹಿಂದಿನ ಗೆರಿ ಮಟಾ ಶಟಲ್ ಎತ್ತಿ ಹೊಡಿಯಾಕ ಮಾತ್ರ ನಾನ ಜಾಸ್ತಿ ದುಡೀಬೇಕು ಅನಿಸ್ತು. ಅಂಗಡಿಯವ್ರು ಚೀಟಿ ಎರಡು ಸಲ ಓದಿ ಒಂದು ಆಕಾಶ ನೀಲಿದು ತಗದ್ರು. ತಂತಿ ಎಳಕೋತ ಅಂದ್ರು, "ನಾ ಅವತ್ತ ಹೇಳಿದ್ನಲ್ರಿ ಮೇಡಂ, ಹಗುರಂದು ತಗೋರಿ ಅಂತ."

ಇದ ನೋಡ್ರಿ ನನಗ ಈಗಲೂ ನುಂಗಾಕ ಆಗದ ಮಾತು. ಹೇಳಿದ್ರು, ಹೌದು. ಆದ್ರ ನನ್ನ ಕೈ ಸಣ್ಣದು ಅಂತ ಹೇಳಲಿಲ್ಲ, ನಾ ಮುಂದ ನಿಲ್ಲಾಕಿ ಅಂತ ಹೇಳಲಿಲ್ಲ, ಹೆಣಮಗಳು ಅಂತ ಹೇಳಿದ್ರು. ತಪ್ಪು ಕಾರಣಕ್ಕ ಅರ್ಧ ಸರಿ ಉತ್ತರ ಬಂದ್ರ ಪರೀಕ್ಷಾದಾಗ ನಾ ಅರ್ಧ ಮಾರ್ಕ್ಸ್ ಕೊಡ್ತೇನಿ. ಅವತ್ತ ಅಂಗಡ್ಯಾಗ ಅದನ್ನೂ ಕೊಡಾಕ ಮನಸ್ಸ ಬರಲಿಲ್ಲ, ಹೌದ್ರಿ ಅಂದು ರೊಕ್ಕ ಕೊಟ್ಟು ಬಂದೆ. ಮೊಣಕೈ ಈಗ ಮುಕ್ಕಾಲು ಭಾಗ ಸುದಾರಿಸೇತಿ, ರೊಟ್ಟಿ ನಾಕು ಬಡೀತೇನಿ, ಐದನೇದಕ್ಕ ಒಂದಿಷ್ಟು ಜಗ್ಗತೈತಿ.

ಕರಿ ರಾಕೆಟ್ ಅಟ್ಟದ ಮ್ಯಾಲ ಇಡೂದು ಬ್ಯಾಡ ಅಂತ ತಂತಿ ಕತ್ತರಿಸಿ 24ಕ್ಕ ಹೊಸಾದು ಹಾಕಿಸಿ ಸಾಲಿಗೆ ಒಯ್ದೆ. ಹತ್ತನೇತ್ತೆದಾಗ ಒಬ್ಬಾಕಿ ಹುಡುಗಿ ಅದಾಳ, ನನಗಿಂತ ಒಂದು ಗೇಣು ಎತ್ತರ, ಸೂಟ್ಯಾಗ ಅಪ್ಪನ ಕೂಡ ಹೊಲಕ್ಕ ಹೋಗ್ತಾಳ, ಸಾಲಿ ಟೀಮಿನ್ಯಾಗ ಸಿಂಗಲ್ಸ್ ಆಡ್ತಾಳ. ಕೈ ತೋರ್ಸ ಅಂದೆ. ನನ್ನ ಹಸ್ತದ ಮ್ಯಾಲ ಅಕಿ ಹಸ್ತ ಇಟ್ಟಳು, ನನ್ನ ಬಳ್ಳು ದಾಟಿ ಅಕಿ ಬಳ್ಳು ಒಂದು ಗೆಣ್ಣು ಮುಂದ ಹೋದ್ವು. ರಾಕೆಟ್ ಕೊಟ್ಟೆ, ಹಿಡದಳು, ಎರಡು ಸಲ ಗಾಳ್ಯಾಗ ಬೀಸಿದಳು, ಸುಂಯ್ ಅಂತು.

"ಹೆಂಗೈತಿ?" ಅಂದೆ.

"ಚಲೋ ಐತ್ರಿ ಅಕ್ಕೋರ," ಅಂದು ಹಿಡಿಕಿ ಒಮ್ಮೆ ತಿರುವಿ ನೋಡಿದಳು. "ಸ್ವಲ್ಪ ಹಗುರ ಆತು, ಅಷ್ಟ."